ಶಿಲುಬೆಯ ಅರ್ಥ: ಕೊಟ್ಟವರು ಯಾರು?

ಗೋವಾದಲ್ಲಿರುವ ನಮ್ಮ ಕನ್ನಡ ಬೈಬಲ್ ಅಧ್ಯಯನ ಬಳಗದವರಿಗೆ ಶಿಲುಬೆ ದಿನವೂ ಕಣ್ಣಿಗೆ ಬೀಳುತ್ತದೆ. ವಾಸ್ಕೋದಿಂದ ಮಡಗಾಂವ್‌ವರೆಗೆ ಎಲ್ಲಿ ಹೋದರೂ ಜಂಬಿಟ್ಟಿಗೆಯ ಕಟ್ಟೆಯ ಮೇಲೆ ಸುಣ್ಣ ಬಳಿದ ಶಿಲುಬೆಗಳಿವೆ. ಜನ ಅವುಗಳಿಗೆ ಚೆಂಡುಹೂವಿನ ಹಾರ ಹಾಕುತ್ತಾರೆ, ಸಂಜೆ ಮೇಣದಬತ್ತಿ ಹಚ್ಚುತ್ತಾರೆ, ಮೇ ತಿಂಗಳಲ್ಲಿ ಅಲ್ಲಿಯೇ ಹಬ್ಬ ಮಾಡುತ್ತಾರೆ. ಆ ಭಕ್ತಿಗೆ ನನ್ನ ಗೌರವವಿದೆ. ಆದರೆ ಹಾರದ ಹಿಂದಿರುವುದು ಮರಣದಂಡನೆಯ ಸಾಧನ ಎಂಬುದನ್ನು ಮರೆತು ಓದಿದರೆ ಹೊಸ ಒಡಂಬಡಿಕೆ ಈ ವಿಷಯದಲ್ಲಿ ಏನು ಹೇಳುತ್ತಿದೆ ಎಂಬುದು ತಿಳಿಯುವುದಿಲ್ಲ.

ರೋಮ್ ಸಾಮ್ರಾಜ್ಯವು ಈ ಶಿಕ್ಷೆಯನ್ನು ಮುಖ್ಯವಾಗಿ ಗುಲಾಮರಿಗೆ ಮತ್ತು ದಂಗೆಕೋರರಿಗೆ ಮೀಸಲಿಟ್ಟಿತ್ತು. ರೋಮನ್ ಪೌರರಿಗೆ ಸಾಮಾನ್ಯವಾಗಿ ಅದನ್ನು ವಿಧಿಸುತ್ತಿರಲಿಲ್ಲ. ಎಲ್ಲರಿಗೂ ಕಾಣುವ ಜಾಗದಲ್ಲಿ ನಿಧಾನವಾಗಿ ಸಾಯಿಸಿ, ನೋಡಿದವರಲ್ಲಿ ಭಯ ಹುಟ್ಟಿಸುವುದೇ ಅದರ ಉದ್ದೇಶವಾಗಿತ್ತು. ಇದಲ್ಲದೆ, ಮರಕ್ಕೆ ತೂಗಹಾಕಲ್ಪಟ್ಟವನು ಶಾಪಗ್ರಸ್ತನೆಂದು ಧರ್ಮೋಪದೇಶಕಾಂಡ 21:23 ಹೇಳುತ್ತದೆ. ಆದ್ದರಿಂದಲೇ ಶಿಲುಬೆಗೆ ಹಾಕಲ್ಪಟ್ಟ ಕ್ರಿಸ್ತನ ಸುದ್ದಿ ಯೆಹೂದ್ಯರಿಗೆ ವಿಘ್ನವಾಗಿಯೂ ಅನ್ಯಜನರಿಗೆ ಹುಚ್ಚುಮಾತಾಗಿಯೂ ಕಂಡಿತೆಂದು ಅಪೊಸ್ತಲ ಪೌಲನು ಬರೆಯುತ್ತಾನೆ (1 ಕೊರಿಂಥ 1:23).

ಯೇಸುವಿಗೆ ಈ ಶಿಕ್ಷೆಯ ತೀರ್ಪು ಕೊಟ್ಟವನು ಕ್ರಿ.ಶ. 26ರಿಂದ 36ರವರೆಗೆ ಯೂದಾಯವನ್ನು ಆಳಿದ ರೋಮನ್ ಅಧಿಪತಿ ಪೊಂತ್ಯ ಪಿಲಾತ. ಹೀಗಿದ್ದರೂ ಕ್ರೈಸ್ತರು ಶತಮಾನಗಳ ಕಾಲ ಇಡೀ ಯೆಹೂದಿ ಜನಾಂಗದ ಮೇಲೆ ಈ ಸಾವಿನ ಅಪರಾಧವನ್ನು ಹೊರಿಸಿದರು. 1560ರಲ್ಲಿ ಗೋವಾದಲ್ಲಿಯೇ ಸ್ಥಾಪನೆಯಾಗಿ 1812ರಲ್ಲಿ ಕೊನೆಗೊಂಡ ಇನ್‌ಕ್ವಿಸಿಶನ್ ಎಂಬ ಕಥೋಲಿಕ ಧರ್ಮವಿಚಾರಣೆಯ ನ್ಯಾಯಾಲಯ, ಯೆಹೂದಿ ಮೂಲದ ಕ್ರೈಸ್ತರನ್ನೂ ಆಮೇಲೆ ಹಿಂದೂ ಮೂಲದವರನ್ನೂ ಶಿಲುಬೆಯ ಹೆಸರಿನಲ್ಲಿಯೇ ಹಿಂಸಿಸಿತು. ಆ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹಾಕಲಾಗದು ಎಂದು ಕಥೋಲಿಕ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟವಾಗಿ ಸಾರಿತು. ಈ ಊರಿನಲ್ಲಿ ಕುಳಿತು ಶಿಲುಬೆಯ ಬಗ್ಗೆ ಓದುವವರು ಈ ಚರಿತ್ರೆಯನ್ನು ಬದಿಗಿಡಬಾರದು.

ಈಗ ಮಾರ್ಕನ ಸುವಾರ್ತೆಯ 15ನೆಯ ಅಧ್ಯಾಯವನ್ನು ತೆರೆಯಿರಿ. ನಾಲ್ಕು ಸುವಾರ್ತೆಗಳಲ್ಲಿ ಅತ್ಯಂತ ಕಠೋರವಾದ ನಿರೂಪಣೆ ಇದು. ಇಲ್ಲಿ ಯೇಸುವಿಗೆ ಶಿಲುಬೆಯ ಮೇಲೆ ಒಂದೇ ಮಾತಿದೆ: ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ? ಇದು 22ನೆಯ ಕೀರ್ತನೆಯ ಮೊದಲ ಸಾಲು. ಆ ಕೀರ್ತನೆ ಸ್ತುತಿಯಲ್ಲಿ ಮುಗಿಯುವುದರಿಂದ ಈ ಕೂಗೂ ಭರವಸೆಯದೇ ಎಂದು ಕೆಲವರು ವಿವರಿಸುತ್ತಾರೆ. ಕೀರ್ತನೆಯ ಕೊನೆಯನ್ನು ಓದಲೇಬೇಕು, ನಿಜ. ಆದರೆ ಅಷ್ಟು ಬೇಗ ಸಮಾಧಾನ ಹೇಳುವುದು ನನಗೆ ಸರಿಯೆನಿಸುವುದಿಲ್ಲ, ಏಕೆಂದರೆ ಮಾರ್ಕನು ಮೊದಲ ಸಾಲನ್ನೇ ಆರಿಸಿಕೊಂಡು ಅಲ್ಲಿಗೇ ನಿಲ್ಲಿಸಿದ್ದಾನೆ. ಯೇಸು ಪ್ರಾಣಬಿಟ್ಟ ಕೂಡಲೇ ದೇವಾಲಯದ ಪರದೆ ಹರಿಯುತ್ತದೆ, ಅದೂ ಮೇಲಿನಿಂದ ಕೆಳಗಿನವರೆಗೆ; ಹರಿದದ್ದು ಮನುಷ್ಯನ ಕೈಯಲ್ಲ ಎಂಬುದು ಸೂಚನೆ. ಅದರ ಮರುವಚನದಲ್ಲಿಯೇ, ಶಿಕ್ಷೆ ನಡೆಸಲು ನಿಂತಿದ್ದ ರೋಮನ್ ಶತಾಧಿಪತಿ ಈ ಮನುಷ್ಯನು ನಿಜವಾಗಿ ದೇವಕುಮಾರನು ಎನ್ನುತ್ತಾನೆ. ಮಾರ್ಕನ ಸುವಾರ್ತೆಯಲ್ಲಿ ಮನುಷ್ಯನೊಬ್ಬನ ಬಾಯಿಂದ ಈ ಅರಿಕೆ ಬರುವುದು ಇದೇ ಮೊದಲು. ಗುಣಪಡಿಸುವ ಅದ್ಭುತಗಳನ್ನು ಕಂಡವರು ಹೇಳದ ಮಾತನ್ನು ಸಾವನ್ನು ಕಂಡವನು ಹೇಳಿದ್ದಾನೆ.

ಈ ಸಾವು ನಮಗಾಗಿ ಎಂಬುದಕ್ಕೆ ಸಭೆ ಒಂದೇ ವಿವರಣೆಯನ್ನು ಕೊಟ್ಟಿಲ್ಲ. ಸುವಾರ್ತೆಯನ್ನು ಬರೆದ ಯೋಹಾನನು ಯೆಹೂದ್ಯರ ಪಸ್ಕ ಹಬ್ಬದ ಬಲಿಯ ಕುರಿಮರಿಯನ್ನು ನೆನಪಿಸುತ್ತಾನೆ. ಆದಿಸಭೆ ಯೆಶಾಯನ 53ನೆಯ ಅಧ್ಯಾಯದ ಬಾಧೆಪಡುವ ಸೇವಕನಲ್ಲಿ ಯೇಸುವನ್ನು ಕಂಡಿತು. 11ನೆಯ ಶತಮಾನದ ಕೊನೆಯಲ್ಲಿ ದೇವಶಾಸ್ತ್ರಜ್ಞ ಆನ್ಸೆಲ್ಮನು, ಪಾಪದಿಂದ ದೇವರ ಗೌರವಕ್ಕೆ ಬಂದ ಕುಂದನ್ನು ದೇವಮಾನವನೊಬ್ಬನೇ ತುಂಬಿಕೊಡಬಲ್ಲನೆಂದು ವಾದಿಸಿದನು. ಮುಂದಿನ ಶತಮಾನದ ದೇವಶಾಸ್ತ್ರಜ್ಞ ಅಬೆಲಾರ್ಡನು ನಮ್ಮ ಹೃದಯವನ್ನು ಬದಲಿಸುವ ಪ್ರೀತಿಗೆ ಒತ್ತುಕೊಟ್ಟನು. ಪಾಪ ಮರಣಗಳ ಮೇಲೆ ಕ್ರಿಸ್ತನು ಪಡೆದ ಜಯವೆಂಬ ಪುರಾತನ ತಿಳಿವಳಿಕೆಯನ್ನು 20ನೆಯ ಶತಮಾನದಲ್ಲಿ ಸ್ವೀಡನ್ನಿನ ದೇವಶಾಸ್ತ್ರಜ್ಞ ಔಲೆನ್ ಮತ್ತೆ ಮುಂದೆ ತಂದರು.

ಇವುಗಳಲ್ಲಿ ಯಾವುದನ್ನು ಹಿಡಿದರೂ ಒಂದು ತಪ್ಪು ಚಿತ್ರದಿಂದ ದೂರವಿರಬೇಕು. ಕೋಪಗೊಂಡ ತಂದೆಯನ್ನು ತಣಿಸಲು ಮಗನು ಬಲಿಯಾದನು ಎಂಬಂತೆ ಪ್ರಸಂಗಗಳಲ್ಲಿ ಕೆಲವೊಮ್ಮೆ ಕೇಳಿಬರುತ್ತದೆ. ಆದರೆ ದೇವರು ಕ್ರಿಸ್ತನಲ್ಲಿದ್ದು ಲೋಕವನ್ನು ತನ್ನೊಂದಿಗೆ ಸಮಾಧಾನಪಡಿಸಿಕೊಳ್ಳುತ್ತಿದ್ದನೆಂದು ಪೌಲನು ಹೇಳುತ್ತಾನೆ (2 ಕೊರಿಂಥ 5:19). ನಾವು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ಸತ್ತದ್ದರಲ್ಲಿ ದೇವರು ತನ್ನ ಪ್ರೀತಿಯನ್ನು ತೋರಿಸಿದನೆಂದು ರೋಮಾಪುರ 5:8ರಲ್ಲಿ ಬರೆಯುತ್ತಾನೆ. ಹೀಗೆಂದರೆ ಶಿಲುಬೆಯಲ್ಲಿ ಕೊಟ್ಟವನು ದೇವರೇ. ಪ್ರೀತಿ ಆ ಸಾವಿನಿಂದ ಹುಟ್ಟಲಿಲ್ಲ, ಆ ಸಾವಿಗೆ ಕಾರಣವಾಯಿತು. ಯುದ್ಧಕೈದಿಯಾಗಿ ಶಿಬಿರದಲ್ಲಿದ್ದಾಗ ಮಾರ್ಕನು ದಾಖಲಿಸಿದ ಆ ಕೂಗನ್ನು ಓದಿದ ಜರ್ಮನಿಯ ಯೂರ್ಗೆನ್ ಮೋಲ್ಟ್‌ಮನ್, ಮುಂದೆ ದೇವಶಾಸ್ತ್ರಜ್ಞರಾಗಿ, ಮಗನ ಸಾವಿನಲ್ಲಿ ತಂದೆಯೂ ನೋವುಂಡನೆಂದು ಬರೆದರು.

ಶಿಲುಬೆ ಪ್ರೀತಿಯಿಂದ ಕೊಟ್ಟದ್ದಾದ್ದರಿಂದಲೇ, ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣುಮಗಳಿಗೆ ಇದು ನಿನ್ನ ಶಿಲುಬೆ, ಹೊತ್ತುಕೋ ಎನ್ನುವುದು ಘೋರ ಅನ್ಯಾಯ. ತನ್ನ ಶಿಲುಬೆಯನ್ನು ಹೊತ್ತು ಹಿಂಬಾಲಿಸಲಿ ಎಂಬ ಕರೆ (ಮಾರ್ಕ 8:34) ಮನಸಾರೆ ಹಿಂಬಾಲಿಸುವವರಿಗೆ ಕೊಟ್ಟದ್ದು. ಇನ್ನೊಬ್ಬರ ಕ್ರೌರ್ಯವನ್ನು ಸಹಿಸಿಕೊಂಡಿರು ಎಂಬ ಅಪ್ಪಣೆ ಅದರಲ್ಲಿಲ್ಲ.

ಶುಭ ಶುಕ್ರವಾರ ಇಲ್ಲಿನ ಕಥೋಲಿಕ ದೇವಾಲಯಗಳಲ್ಲಿ ಬಲಿಪೂಜೆ ಇರುವುದಿಲ್ಲ. ಗಂಟೆಯ ಬದಲು ಮಾತ್ರಾಕ್ ಎಂಬ ಮರದ ಸದ್ದುಪಟ್ಟಿಯನ್ನು ಬಡಿಯುತ್ತಾರೆ, ಯೋಹಾನನ ಸುವಾರ್ತೆಯಿಂದ ಯೇಸುವಿನ ಯಾತನೆಯ ವೃತ್ತಾಂತ ಓದಿ ಶಿಲುಬೆಗೆ ಮುತ್ತಿಡುತ್ತಾರೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ, ನಾಲ್ಕೂ ಸುವಾರ್ತೆಗಳನ್ನು ಸೇರಿಸಿದರೆ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನ ನಡೆಯುವುದು ರೂಢಿ. ಎರಡೂ ಕಡೆ ಆರಾಧನೆ ಭಾನುವಾರದ ಕಡೆಗೆ ಮುಖ ಮಾಡಿರುತ್ತದೆ, ಏಕೆಂದರೆ ಕ್ರಿಸ್ತನು ಎದ್ದುಬಾರದಿದ್ದರೆ ನಂಬಿಕೆ ವ್ಯರ್ಥವೆಂದು ಪೌಲನು 1 ಕೊರಿಂಥ 15:17ರಲ್ಲಿ ಹೇಳಿದ್ದಾನೆ. ಆದರೆ ಎದ್ದುಬಂದವನ ಕೈಗಳಲ್ಲಿ ಮೊಳೆಯ ಗಾಯಗಳು ಹಾಗೆಯೇ ಇದ್ದವು, ಶಿಷ್ಯ ತೋಮನಿಗೆ ಆತನು ತೋರಿಸಿದ್ದು ಅವನ್ನೇ. ಮುಂದಿನ ಓದಿಗೆ ಯೋಹಾನನ 20ನೆಯ ಅಧ್ಯಾಯವನ್ನು ರೋಮಾಪುರ 6ರೊಂದಿಗೆ ಸೇರಿಸಿ ಓದಿಕೊಂಡು ಬನ್ನಿ.