ವೃತ್ತಿ ಪುನರ್ವಸತಿ: ಕಿವಿ ಕೇಳದವರ ಕೆಲಸದ ಮಾತು

ಪುನರ್ವಸತಿ ಅಂದರೆ ನಮಗೆ ಮೊದಲು ನೆನಪಾಗುವುದು ಆಲಮಟ್ಟಿ ಹಿನ್ನೀರು, ಮುಳುಗಡೆ, ಬಾಗಲಕೋಟೆಯ ನವನಗರ. ನೆಲೆ ಕಳೆದುಕೊಂಡವರಿಗೆ ಇನ್ನೊಂದು ನೆಲೆ. ವೃತ್ತಿ ಪುನರ್ವಸತಿಯಲ್ಲೂ ಅದೇ ಅರ್ಥ. ಇಲ್ಲಿ ಕೈತಪ್ಪಿದ್ದು ಮನೆಯಲ್ಲ, ದುಡಿಮೆ. ತರಬೇತಿ, ಶ್ರವಣ ಸಾಧನ, ಸನ್ನೆ ಭಾಷೆಯ ದುಭಾಷಿ, ಕೆಲಸ ಹುಡುಕಿಕೊಡುವುದು, ಸೇರಿದ ಮೇಲೂ ಜೊತೆಗಿರುವುದು, ಎಲ್ಲಕ್ಕೂ ಸೇರಿ ಈ ಹೆಸರು.

ಕಿವಿ ಕೇಳದವರಿಗೆ ಇದು ಫಲ ಕೊಡುವುದು ಯಾವಾಗ? ಎಲ್ಲ ಡೆಸಿಬೆಲ್ ಲೆಕ್ಕ ಅಂದುಕೊಳ್ಳುತ್ತೇವೆ. ಕಾನೂನು ಅಳೆಯುವುದೂ ಹಾಗೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 70 ಡೆಸಿಬೆಲ್ ನಷ್ಟವಿದ್ದರೆ ಕಿವುಡು, 60ರಿಂದ 70 ಇದ್ದರೆ ಮಂದ ಶ್ರವಣ. ಇಬ್ಬರಿಗೂ ಸೇರಿ ಸರ್ಕಾರಿ ಕೆಲಸದಲ್ಲಿ ಶೇ 1 ಮೀಸಲು. ಸರ್ಟಿಫಿಕೇಟಿಗೆ ಈ ಅಂಕಿ ಸಾಕು. ಕೆಲಸದ ಜಾಗದಲ್ಲಿ ಸಾಲದು.

ಕೇಳುವುದು ಯಾವ ವಯಸ್ಸಿನಲ್ಲಿ ನಿಂತಿತು ಅನ್ನುವುದೂ ಅಷ್ಟೇ ಮುಖ್ಯ. ನಲವತ್ತರಲ್ಲಿ ಕಿವಿ ಮಂದವಾದವರ ಬಳಿ ಮಾತಿದೆ, ಓದು ಬರಹ ಇದೆ. ಹುಟ್ಟಿನಿಂದಲೇ ಕೇಳದ ಮಗುವಿಗೆ ಸನ್ನೆಯೋ ಮಾತೋ, ಒಂದು ಭಾಷೆ ಬೇಗ ಸಿಗದಿದ್ದರೆ ಓದೂ ಕುಂಟುತ್ತದೆ. ಇಪ್ಪತ್ತರಲ್ಲಿ ಆರು ತಿಂಗಳ ಟೈಲರಿಂಗ್ ಕಲಿಸಿ ಅದನ್ನು ತುಂಬಿಸುವುದು ಕಷ್ಟ.

ಇನ್ನು ಜೊತೆಯವರು. 'ತುಟಿ ನೋಡಿ ತಿಳ್ಕೊಳ್ತಾರೆ ಬಿಡಿ' ಅನ್ನುವ ಮೇಸ್ತ್ರಿ ಒಮ್ಮೆ ಕನ್ನಡಿ ಮುಂದೆ ನಿಂತು ಸದ್ದಿಲ್ಲದೆ 'ಮಳೆ', 'ಬಳೆ' ಅನ್ನಲಿ. ತುಟಿ ಎರಡಕ್ಕೂ ಒಂದೇ ಥರ ಆಡುತ್ತದೆ. ಗೋದಾಮಿನಲ್ಲಿ 'ಮಾಲು', 'ಪಾಲು' ಕೂಡ. ಶ್ರವಣ ಸಾಧನ ಹಾಕಿದರೆ ಆಯ್ತು, ಅಲ್ವಾ? ಪೂರ್ತಿ ಆಗಲ್ಲ. ಮಾತಿನ ಜೊತೆ ಪಕ್ಕದ ಮೆಷಿನ್ನಿನ ಗದ್ದಲವೂ ಏರುತ್ತದೆ. ದಿನದ ಕೆಲಸವನ್ನು ಬೆಳಗ್ಗೆ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸುವುದಕ್ಕೆ ಖರ್ಚೇನೂ ಇಲ್ಲ. ಅಷ್ಟನ್ನೂ ಮಾಡದ ಕಡೆ ಒಳ್ಳೆಯ ಕೆಲಸಗಾರನಿಗೂ ಸುಮ್ನೆ ಒಂದು ಹೆಸರು ಬರುತ್ತದೆ: 'ಹೇಳಿದ ಮಾತು ಕೇಳಲ್ಲ.'

ಫಲ ಬಂತು ಅಂತ ಬರೆದುಕೊಳ್ಳುವುದು ಯಾವಾಗ ಅನ್ನುವುದರಲ್ಲೂ ತಕರಾರಿದೆ. ಅಮೆರಿಕದ ಸರ್ಕಾರಿ ವ್ಯವಸ್ಥೆಯಲ್ಲಿ ಕನಿಷ್ಠ 90 ದಿನ ಕೆಲಸದಲ್ಲಿ ಉಳಿದರೆ ಯಶಸ್ಸು ಎಂದು ಕಡತ ಮುಚ್ಚಬಹುದು. ನನಗೇನೋ ಅದು ತೀರಾ ಬೇಗ ಅನ್ನಿಸುತ್ತದೆ. ಬರೆದು ಕಳಿಸುತ್ತಿದ್ದ ಮೇಸ್ತ್ರಿ ಬೇರೆ ಕಡೆ ಹೋಗುವುದು, ಬಡ್ತಿಯ ಸಂದರ್ಶನಕ್ಕೆ ದುಭಾಷಿ ಸಿಗದಿರುವುದು, ಇವೆಲ್ಲ ಬರುವುದು ಸಾಮಾನ್ಯವಾಗಿ ಆಮೇಲೆಯೇ.