ಎಂಟನೇ ಕ್ಲಾಸಿನ ಮೊದಲ ಅಂಕ ನೋಡಿ ಗಾಬರಿಯಾಗುವ ಮುಂಚೆ

ಪ್ರತಿವರ್ಷ ಜುಲೈ ಕೊನೆ ಅಥವಾ ಆಗಸ್ಟ್ ಮೊದಲ ವಾರದ ಹೊತ್ತಿಗೆ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿಗೆ ಎಂಟನೇ ಕ್ಲಾಸಿನ ಅಪ್ಪ-ಅಮ್ಮಂದಿರು ಬರತೊಡಗುತ್ತಾರೆ. ಮೊದಲ ಎಫ್‌ಎ, ಅಂದರೆ ವರ್ಷದ ನಡುನಡುವೆ ಮಾಡುವ ಕಿರು ಮೌಲ್ಯಮಾಪನದ ಅಂಕ ಕೈಗೆ ಸಿಕ್ಕಿರುತ್ತದೆ. “ಮೇಡಂ, ಏಳನೇ ಕ್ಲಾಸ್ ತನಕ ಎ ಪ್ಲಸ್ ಬಿಟ್ಟು ಕೆಳಗೆ ಇಳಿದವನಲ್ಲ ಇವನು. ಇಲ್ಲಿಗೆ ಬಂದು ಎರಡು ತಿಂಗಳಿಗೇ ಹೀಗಾಗಿದೆ. ಎಲ್ಲಾ ಆ ಮೊಬೈಲಿಂದಾನೇ.” ಆಟೋ ಓಡಿಸುವವರೂ ಇದನ್ನೇ ಹೇಳುತ್ತಾರೆ, ಗಾರ್ಮೆಂಟ್ಸ್‌ಗೆ ಹೋಗುವವರೂ ಇದನ್ನೇ, ಬ್ಯಾಂಕಿನಲ್ಲಿ ಕೆಲಸ ಮಾಡುವವರೂ ಇದನ್ನೇ.

ಮೊಬೈಲಿನ ಪಾಲು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಏಳನೇ ಕ್ಲಾಸಿನಲ್ಲೂ ಅದೇ ಮೊಬೈಲ್ ಮನೆಯಲ್ಲಿತ್ತು, ಅಲ್ವಾ? ಜೂನ್‌ನಿಂದ ಈಚೆಗೆ ಮಗುವಿನ ದಿನದಲ್ಲಿ ಏನೇನು ಬದಲಾಯಿತು ಅಂತ ಒಂದು ಸಲ ಎಣಿಸಿ ನೋಡಿ. ಅಂಕ ಯಾಕೆ ಇಳಿಯಿತು ಅನ್ನುವುದು ಅಲ್ಲೇ ಅರ್ಧ ಗೊತ್ತಾಗುತ್ತದೆ.

ರಾಜ್ಯ ಪಠ್ಯಕ್ರಮದಲ್ಲಿ ಹೈಸ್ಕೂಲ್ ಅಂದರೆ 8, 9, 10. ಸಿಬಿಎಸ್‌ಇ, ಐಸಿಎಸ್‌ಇ ಸ್ಕೂಲುಗಳಲ್ಲಿ ಈ ತಿರುವು 9ಕ್ಕೆ ಬರುತ್ತದೆ. ಅಲ್ಲಿಯ ಪೋಷಕರು ಒಂದು ವರ್ಷ ಕೂಡಿಸಿಕೊಂಡು ಓದಿ. ಪ್ರೈಮರಿಯಲ್ಲಿ ಒಬ್ಬರೋ ಇಬ್ಬರೋ ಟೀಚರ್ ದಿನದ ಬಹುಪಾಲು ಜೊತೆಗಿರುತ್ತಿದ್ದರು. ಮಗು ತಿಂಡಿ ತಿನ್ನದೆ ಬಂದಿದ್ದರೂ ಮುಖ ನೋಡಿದರೆ ಅವರಿಗೆ ತಿಳಿಯುತ್ತಿತ್ತು. ಇಲ್ಲಿ ಬೆಲ್ ಹೊಡೆದಂತೆ ಟೀಚರ್ ಬದಲಾಗುತ್ತಾರೆ. ಮೂರು ಭಾಷೆಗೆ ಮೂವರು, ಸಮಾಜಕ್ಕೆ ಒಬ್ಬರು, ಗಣಿತ ಮತ್ತು ಭೌತವಿಜ್ಞಾನಕ್ಕೆ ನನ್ನಂಥ ಪಿಸಿಎಂ ಟೀಚರ್, ರಸಾಯನ ಮತ್ತು ಜೀವವಿಜ್ಞಾನಕ್ಕೆ ಸಿಬಿಝಡ್ ಟೀಚರ್. ಪ್ರತಿಯೊಬ್ಬರಿಗೂ ಅವರವರ ವಿಷಯವೇ ದೊಡ್ಡದು. ನಾನು ಸೋಮವಾರ ಹತ್ತು ಲೆಕ್ಕ ಕೊಟ್ಟಿರುತ್ತೇನೆ. ಅದೇ ದಿನ ಇಂಗ್ಲಿಷ್‌ನವರು ಪದ್ಯ ಬಾಯಿಪಾಠ ಮಾಡಿಕೊಂಡು ಬನ್ನಿ ಅಂದಿರುತ್ತಾರೆ, ಸಮಾಜದವರು ನಕ್ಷೆ ಬರೆಯಲು ಹೇಳಿರುತ್ತಾರೆ. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಮೂರೂ ಸೇರಿ ಎಷ್ಟು ಹೊತ್ತಾಗುತ್ತದೆ ಅಂತ ಗೊತ್ತಿರುವುದು ಮಗುವಿಗೆ ಮಾತ್ರ. ಅದನ್ನು ಎದ್ದು ನಿಂತು ಹೇಳುವ ಧೈರ್ಯ ಮೊದಲ ಎರಡು ತಿಂಗಳಲ್ಲಿ ಯಾರಿಗೂ ಇರುವುದಿಲ್ಲ. ಹೀಗಾದಾಗ ಕ್ಲಾಸ್ ಟೀಚರ್ ಹತ್ತಿರ ಮಾತಾಡಿ. ಹಾಜರಿ ಹಾಕುವವರು, ಆರೂ ವಿಷಯದ ಅಂಕ ಒಟ್ಟಿಗೆ ನೋಡುವವರು ಅವರೇ.

ಓಡಾಟವೂ ಸೇರಿಕೊಳ್ಳುತ್ತದೆ. ಮನೆ ಹಿಂದಿನ ರಸ್ತೆಯ ಪ್ರೈಮರಿಗೆ ನಡೆದು ಹೋಗುತ್ತಿದ್ದ ಹುಡುಗ ಈಗ ಸುಂಕದಕಟ್ಟೆಯಿಂದ ವಿಜಯನಗರಕ್ಕೆ ಬಿಎಂಟಿಸಿಯಲ್ಲಿ ನೇತಾಡಿಕೊಂಡು ಬರುತ್ತಾನೆ. ಸಂಜೆ ಮನೆ ಸೇರುವಾಗ ಸುಸ್ತು. ಬ್ಯಾಗ್ ಎಸೆದು ಹಾಗೇ ಮಲಗಿದರೆ ಸೋಮಾರಿ ಅಂತ ಬೈಯಬೇಡಿ. ಮೊದಲು ಹೊಟ್ಟೆಗೆ ಏನಾದರೂ ಕೊಡಿ.

ಅಂಕ ಕಮ್ಮಿ ಬಂತು ಅಂತ ಬಂದವರನ್ನು ನಾನು ಮೊದಲು ಕೇಳುವುದು, “ನೋಟ್ಸ್ ತಂದಿದ್ದೀರಾ?” ಅಂತ. ಸಾಮಾನ್ಯವಾಗಿ ಯಾರೂ ತಂದಿರುವುದಿಲ್ಲ. ಮಗುವಿನ ಬ್ಯಾಗಿನಿಂದಲೇ ವಿಜ್ಞಾನದ್ದೋ ಸಮಾಜದ್ದೋ ತೆಗೆಸುತ್ತೇನೆ. ಹೊಸ ನೋಟ್‌ಬುಕ್, ಬ್ರೌನ್ ಪೇಪರ್ ಹೊದಿಕೆ, ಲೇಬಲ್ ಮೇಲೆ ಚಂದವಾಗಿ ಹೆಸರು. ಮೊದಲ ಏಳೆಂಟು ಪುಟ ಮುತ್ತಿನಂಥ ಅಕ್ಷರ, ಶೀರ್ಷಿಕೆಯ ಕೆಳಗೆ ಸ್ಕೇಲಿಟ್ಟು ಎರಡು ಗೆರೆ. ಮುಂದಕ್ಕೆ ಮಗುಚುತ್ತಾ ಹೋದರೆ ಒಂದು ಕಡೆ ಸಾಲು ಅರ್ಧಕ್ಕೇ ನಿಂತಿದೆ. ಆಮೇಲೆ ಬರೆಯೋಣ ಅಂತ ಕೆಳಗೆ ನಾಲ್ಕು ಸಾಲು ಜಾಗ ಬಿಟ್ಟಿದೆ. ಆ ಜಾಗ ಇನ್ನೂ ಖಾಲಿಯೇ. ನಂತರ ಬೇರೆ ಪಾಠ ಶುರು. ಎರಡು ಪುಟ ಬಿಟ್ಟು ಮತ್ತೆ ಹಾಗೇ.

ಆಗಿದ್ದು ಇಷ್ಟೇ. ಪ್ರೈಮರಿಯಲ್ಲಿ ಎಲ್ಲರೂ ಬರೆದು ಮುಗಿಸುವ ತನಕ ಟೀಚರ್ ಬೋರ್ಡ್ ಒರೆಸುತ್ತಿರಲಿಲ್ಲ. ಇಲ್ಲಿ ಪೀರಿಯಡ್ ಮುಗಿದರೆ ಮುಂದಿನವರು ಬಂದು ಒರೆಸಿಬಿಡುತ್ತಾರೆ. ಎಷ್ಟೋ ಸಲ ನಾವು ಬಾಯಲ್ಲಿ ಹೇಳುವುದನ್ನು ಬೋರ್ಡ್ ಮೇಲೆ ಬರೆಯುವುದೂ ಇಲ್ಲ. ಕೇಳಿಕೊಂಡು, ಮುಖ್ಯವಾದದ್ದನ್ನು ಆರಿಸಿ, ಬೇಗ ಬರೆದುಕೊಳ್ಳುವುದು ಒಂದು ಕೆಲಸ. ಇದನ್ನು ಆ ಮಗುವಿಗೆ ಯಾರೂ ಕಲಿಸಿಲ್ಲ. ಪರೀಕ್ಷೆಗೆ ಓದಲು ಕೂತಾಗ ಓದುವುದಕ್ಕೇ ಏನೂ ಇರುವುದಿಲ್ಲ. ಪಕ್ಕದವನ ಗೈಡ್ ನೋಡಿ ಉರು ಹೊಡೆಯುತ್ತದೆ.

ಹಾಗಾಗಿ ಭಾನುವಾರ ಅರ್ಧ ಗಂಟೆ ನೋಟ್ಸ್ ಮಗುಚಿ ನೋಡಿ. ಇದಕ್ಕೆ ನೀವು ಓದಿದವರೇ ಆಗಬೇಕಿಲ್ಲ. ಓದಲು ಬಾರದ ಅಮ್ಮನಿಗೂ ಅರ್ಧಕ್ಕೆ ನಿಂತ ಸಾಲು, ಖಾಲಿ ಬಿಟ್ಟ ಜಾಗ, ಟೀಚರ್ ಸಹಿ ಇಲ್ಲದ ಪುಟ ಕಣ್ಣಿಗೆ ಬೀಳುತ್ತವೆ. ಬೈಯಬೇಡಿ. “ಇದನ್ನ ಯಾರ ಹತ್ರ ನೋಡಿಕೊಂಡು ತುಂಬಿಸ್ತೀಯಾ?” ಅಂತ ಕೇಳಿ, ಅಷ್ಟು ಸಾಕು. ಸ್ನೇಹಿತನ ನೋಟ್ಸ್ ತಂದು ಬರೆದುಕೊಳ್ಳಲಿ. ವಾಟ್ಸಾಪ್‌ನಲ್ಲಿ ಫೋಟೋ ತರಿಸಿಕೊಂಡು ಸುಮ್ನೆ ಗ್ಯಾಲರಿಯಲ್ಲಿ ಇಟ್ಟುಕೊಳ್ಳುವುದು ಬೇಡ. ಬರೆಯುವಾಗ ಸ್ವಲ್ಪವಾದರೂ ತಲೆಗೆ ಹೋಗುತ್ತದೆ.

ಇನ್ನು ನನ್ನ ವಿಷಯ. ಎಂಟನೇ ಕ್ಲಾಸಿಗೆ ಬಂದ ಹೊಸತರಲ್ಲಿ ನಾನು ಒಂದು ಚಿಕ್ಕ ಲೆಕ್ಕ ಕೊಡುತ್ತೇನೆ: 1/2 ಕ್ಕೆ 1/3 ಕೂಡಿಸಿ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/5 ಅಂತ ಬರೆಯುವವರು ಪ್ರತಿವರ್ಷವೂ ಇರುತ್ತಾರೆ, ಎ ಪ್ಲಸ್ ತೆಗೆದವರೂ ಅವರಲ್ಲಿ ಇರುತ್ತಾರೆ. ಅರ್ಧಕ್ಕೆ ಇನ್ನೇನೋ ಕೂಡಿಸಿದ ಮೇಲೆ ಉತ್ತರ ಅರ್ಧಕ್ಕಿಂತ ಜಾಸ್ತಿ ಬರಬೇಕು. 2/5 ಅರ್ಧಕ್ಕಿಂತ ಕಮ್ಮಿ. ಇದು ಮಗುವಿಗೆ ಹೊಳೆಯದಿದ್ದರೆ ಭಿನ್ನರಾಶಿ ಅವನಿಗೆ ಗೊತ್ತೇ ಇಲ್ಲ, ಇಷ್ಟು ದಿನ ಮಾದರಿ ಲೆಕ್ಕ ನೋಡಿ ಹಾಗೆ ಹಾಗೇ ಮಾಡಿಕೊಂಡು ಬಂದಿದ್ದಾನೆ ಅಂತ ಅರ್ಥ. ಸರಿ ಉತ್ತರ 5/6.

ಬೀಜಗಣಿತದಲ್ಲೂ ಇಂಥದ್ದೇ ಒಂದು ಇದೆ. 3 ಎಕ್ಸ್‌ಗೆ 4 ಕೂಡಿಸಿದರೆ 7 ಎಕ್ಸ್ ಅಂತ ಬರೆಯುತ್ತಾರೆ. ಮೂರು ಬಾಕ್ಸ್ ಪೆನ್ಸಿಲ್ ಜೊತೆ ನಾಲ್ಕು ಬಿಡಿ ಪೆನ್ಸಿಲ್ ಇಟ್ಟರೆ ಏಳು ಬಾಕ್ಸ್ ಆಗುತ್ತಾ ಅಂತ ಕೇಳಿದರೆ ನಗುತ್ತಾರೆ. ನಕ್ಕ ಮೇಲೆ ತಿದ್ದಿಕೊಳ್ಳುತ್ತಾರೆ.

ಇವು ಎಂಟನೇ ಕ್ಲಾಸಿನ ತಪ್ಪುಗಳಲ್ಲ. ಆರು, ಏಳರಲ್ಲಿ ಉಳಿದುಕೊಂಡವು. ಎಂಟರಲ್ಲಿ ಬೀಜೋಕ್ತಿ, ಅಪವರ್ತಿಸುವಿಕೆ ಬಂದಾಗ ಎದ್ದು ಕಾಣುತ್ತವೆ. ಈಗ ಸರಿಮಾಡದಿದ್ದರೆ ಒಂಬತ್ತರ ಬಹುಪದೋಕ್ತಿಯಲ್ಲಿ, ಹತ್ತರ ವರ್ಗ ಸಮೀಕರಣದಲ್ಲಿ, ತ್ರಿಕೋನಮಿತಿಯಲ್ಲಿ ಇದೇ ತಪ್ಪು ಮತ್ತೆ ಕಾಡುತ್ತದೆ. ಆಗ ಕೂತು ಭಿನ್ನರಾಶಿ ಕಲಿಯಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಹಾಗಾಗಿ ಟೀಚರ್ ಹತ್ತಿರ “ಎಷ್ಟು ಬಂತು” ಅಂತ ಕೇಳುವ ಬದಲು “ಹಿಂದಿನದು ಯಾವುದು ಬರಲ್ಲ” ಅಂತ ಕೇಳಿ. ಒಳ್ಳೆಯ ಗಣಿತ ಟೀಚರ್ ನಾಲ್ಕು ಲೆಕ್ಕ ಮಾಡಿಸಿ ಹೇಳಿಬಿಡುತ್ತಾರೆ. ಆರು, ಏಳರ ಪುಸ್ತಕ ರದ್ದಿಗೆ ಹಾಕಿಬಿಟ್ಟಿದ್ದರೂ ಚಿಂತೆಯಿಲ್ಲ, ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ, ಭಿನ್ನರಾಶಿ ಮತ್ತು ಋಣ ಸಂಖ್ಯೆ ಎರಡೇ. ದಸರಾ ರಜೆ ಮುಗಿಯುವಷ್ಟರಲ್ಲಿ ಬಹಳ ಮಕ್ಕಳು ದಡ ಸೇರಿರುತ್ತಾರೆ.

ಏಳರ ತನಕ ಕನ್ನಡ ಮಾಧ್ಯಮದಲ್ಲಿ ಓದಿಸಿ ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವುದು ಬೆಂಗಳೂರಿನಲ್ಲಿ ಬಹಳ ಸಾಮಾನ್ಯ. ಬೇಡ ಅಂತ ನಾನು ಹೇಳುವುದಿಲ್ಲ, ಪಿಯುಸಿಯಲ್ಲಿ ವಿಜ್ಞಾನ ಓದುವ ಆಸೆ ಇರುವ ಮನೆಯವರ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ. ಆದರೆ ಹಾಗೆ ಹಾಕಿದ ಮೇಲೆ ಮೊದಲ ವರ್ಷ ಅಂಕದ ಮಾತು ಎತ್ತಬೇಡಿ. ಮಗುವಿಗೆ ವಿಷಯ ಗೊತ್ತಿರುತ್ತದೆ, ಪ್ರಶ್ನೆ ಅರ್ಥವಾಗಿರುವುದಿಲ್ಲ. ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದೂ ಕೈ ಎತ್ತುವುದಿಲ್ಲ. ಅದೇ ಪಾಠದ ಕನ್ನಡ ಮಾಧ್ಯಮದ ಪುಸ್ತಕವನ್ನೂ ಮನೆಯಲ್ಲಿಡಿ. ಮೊದಲು ಅದನ್ನು ಓದಿ ಆಮೇಲೆ ಇಂಗ್ಲಿಷ್‌ನದ್ದು ಓದಲಿ. ಹೀಗೆ ಓದಿದವರು ಒಂಬತ್ತಕ್ಕೆ ಬರುವ ಹೊತ್ತಿಗೆ ಚೇತರಿಸಿಕೊಂಡಿರುತ್ತಾರೆ. ಇಂಗ್ಲಿಷನ್ನು ಬಾಯಿಪಾಠ ಮಾಡಿಕೊಂಡೇ ಹೋದವರ ಕಷ್ಟ ಹತ್ತರ ತನಕ ಮುಗಿಯುವುದಿಲ್ಲ.

ಟ್ಯೂಷನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನಗರದಲ್ಲಿ ಈಗ ಎಂಟರಿಂದಲೇ ನೀಟ್, ಜೆಇಇಗೆ ಫೌಂಡೇಶನ್ ಕೋರ್ಸ್. 1/2 ಕ್ಕೆ 1/3 ಕೂಡಿಸಲು ಬಾರದ ಮಗುವನ್ನು ಅಲ್ಲಿಗೆ ಕಳಿಸಿ ವರ್ಷಕ್ಕೆ ಅಷ್ಟೊಂದು ದುಡ್ಡು ಸುರಿಯುವುದು ನನ್ನ ಪ್ರಕಾರ ಶುದ್ಧ ದಂಡ. ಬೀದಿಯ ಕೊನೆಯ ಟ್ಯೂಷನ್ ಆಂಟಿ ಹಿಂದಿನ ಕ್ಲಾಸಿನ ಲೆಕ್ಕ ಹೇಳಿಕೊಡುತ್ತಾರೆ ಅಂತಾದರೆ ಅವರೇ ವಾಸಿ.

ನಿದ್ದೆಯ ಮಾತೂ ಬಂತು. ಹದಿಮೂರು ದಾಟಿದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ವೈದ್ಯರು. ಈ ವಯಸ್ಸಿನಲ್ಲಿ ರಾತ್ರಿ ನಿದ್ದೆ ಬರುವುದೇ ತಡ, ಅದು ದೇಹದ ಗಡಿಯಾರದ ಕೆಲಸ. ಮೊಬೈಲ್ ಅದನ್ನು ಇನ್ನೂ ತಡಮಾಡುತ್ತದೆ. ಹಾಗಾಗಿ ಫೋನ್ ರಾತ್ರಿ ಅಪ್ಪ-ಅಮ್ಮನ ರೂಮಿನಲ್ಲಿ ಚಾರ್ಜ್ ಆಗಲಿ. ನಿಮ್ಮದೂ ಅಲ್ಲೇ ಇರಲಿ, ಇಲ್ಲದಿದ್ದರೆ ಮಾತು ನಡೆಯುವುದಿಲ್ಲ.

ಪರೀಕ್ಷೆಯ ವಿಷಯದಲ್ಲಿ ಗೊಂದಲ ಜಾಸ್ತಿ. ವರ್ಷಕ್ಕೆ ನಾಲ್ಕು ಎಫ್‌ಎ, ಎರಡು ಎಸ್‌ಎ. ಎಸ್‌ಎ ಅಂದರೆ ಅರ್ಧವರ್ಷಕ್ಕೊಂದು ಬರುವ ದೊಡ್ಡ ಪರೀಕ್ಷೆ. ಎಫ್‌ಎ ಅಂದರೆ ಚಟುವಟಿಕೆ, ಕಿರು ಪರೀಕ್ಷೆ, ಪ್ರಾಜೆಕ್ಟ್ ಎಲ್ಲ ಸೇರಿದ್ದು. ಪ್ರಾಜೆಕ್ಟನ್ನು ದಯವಿಟ್ಟು ನೀವು ಮಾಡಬೇಡಿ. ಅಪ್ಪ ಮಾಡಿದ ಥರ್ಮಾಕೋಲ್ ಜ್ವಾಲಾಮುಖಿ ಯಾವುದು, ಮಗು ಮಾಡಿದ್ದು ಯಾವುದು ಅಂತ ನಮಗೆ ದೂರದಿಂದಲೇ ಗೊತ್ತಾಗುತ್ತದೆ. 5, 8, 9ನೇ ಕ್ಲಾಸಿಗೆ ಬೋರ್ಡ್ ಪರೀಕ್ಷೆ ಅಂತ ನಡೆದು, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿದ್ದು ನೆನಪಿರಬಹುದು. ಆ ಗದ್ದಲದ ಸುದ್ದಿ ಇನ್ನೂ ಗ್ರೂಪುಗಳಲ್ಲಿ ಓಡಾಡುತ್ತಿರುತ್ತದೆ. ಫಾರ್ವರ್ಡ್ ನಂಬಬೇಡಿ, ಸ್ಕೂಲಿಗೆ ಬಂದು ಕೇಳಿ. ಎಸ್‌ಎಸ್‌ಎಲ್‌ಸಿಯ 625 ಅಂಕದ ಲೆಕ್ಕ ಹತ್ತರಲ್ಲಿ ಬರುತ್ತದೆ. ಅದರಲ್ಲಿ ಮೊದಲ ಭಾಷೆಗೆ 125, ಉಳಿದ ಐದಕ್ಕೆ ತಲಾ 100. ಎಂಟರ ಅಂಕ ಅದಕ್ಕೆ ಸೇರುವುದಿಲ್ಲ. ಅಂಕ ಕಮ್ಮಿ ಬಂದರೂ ನಷ್ಟವಿಲ್ಲದೆ ತಿದ್ದಿಕೊಳ್ಳಲು ಸಿಗುವ ವರ್ಷ ಇದು.

ಇದೇ ವರ್ಷ ಮಾತ್ರ ಸಿಗುವ ಒಂದು ಅವಕಾಶ ಇದೆ, ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಬರೆಯುವ ಎನ್‌ಎಂಎಂಎಸ್ ಪರೀಕ್ಷೆ. ಸರ್ಕಾರಿ, ಅನುದಾನಿತ, ಪಾಲಿಕೆ ಸ್ಕೂಲುಗಳಲ್ಲಿ ಎಂಟನೇ ಕ್ಲಾಸ್ ಓದುತ್ತಿರುವವರು ಬರೆಯಬಹುದು. ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು, ಏಳರಲ್ಲಿ ಶೇ 55 ಅಂಕ ಇರಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 50 ಸಾಕು. 90 ಪ್ರಶ್ನೆಗಳ ಎರಡು ಪತ್ರಿಕೆ: ಒಂದು ಬುದ್ಧಿಗೆ ಕೆಲಸ ಕೊಡುವ ಪ್ರಶ್ನೆಗಳು, ಇನ್ನೊಂದು ಪಾಠದ್ದು. ಆಯ್ಕೆಯಾದರೆ 9ರಿಂದ ದ್ವಿತೀಯ ಪಿಯುಸಿ ತನಕ ವರ್ಷಕ್ಕೆ 12,000 ರೂಪಾಯಿ. ಅರ್ಜಿ ಸ್ಕೂಲಿನಿಂದಲೇ ಹೋಗುತ್ತದೆ. ಆದಾಯ ಪ್ರಮಾಣಪತ್ರ ಇಲ್ಲ ಅಂತ ಕೊನೇ ದಿನ ನಾಡಕಚೇರಿಗೆ ಓಡುವವರನ್ನು ನೋಡಿ ನೋಡಿ ಸಾಕಾಗಿದೆ. ಜೂನ್‌ನಲ್ಲೇ ಮಾಡಿಸಿಟ್ಟುಕೊಳ್ಳಿ. ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಮಗುವಿನ ಹೆಸರಲ್ಲೇ ಇರಲಿ. ಸ್ಕೂಲಿನಲ್ಲಿ ಎನ್‌ಸಿಸಿ ಇದ್ದರೆ ಅದಕ್ಕೂ ಎಂಟರಲ್ಲೇ ಸೇರಿಸಿ. ‘ಎ’ ಸರ್ಟಿಫಿಕೇಟಿಗೆ ಎರಡು ವರ್ಷ ಬೇಕು.

ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟಿನಲ್ಲಿ ಖಾಸಗಿ ಸ್ಕೂಲ್ ಸೇರಿದ್ದ ಮಕ್ಕಳ ಪೋಷಕರು ಇನ್ನೂ ಒಂದು ಮಾತು ತಿಳಿದುಕೊಳ್ಳಬೇಕು. ಆ ಕಾನೂನಿನ ಉಚಿತ ಶಿಕ್ಷಣ ಎಂಟನೇ ಕ್ಲಾಸಿಗೆ ಮುಗಿಯುತ್ತದೆ. ಒಂಬತ್ತಕ್ಕೆ ಪೂರ್ತಿ ಫೀಸ್. ಮಾರ್ಚ್‌ನಲ್ಲಿ ಚೀಟಿ ಕೈಗೆ ಬಂದಾಗ ಎದೆ ಒಡೆದುಕೊಳ್ಳುವ ಬದಲು ದಸರಾ ಹೊತ್ತಿಗೇ ಆಫೀಸಿನಲ್ಲಿ ಎಷ್ಟಾಗುತ್ತದೆ ಕೇಳಿ. ಕಟ್ಟಲು ಆಗುವುದಿಲ್ಲ ಅನ್ನಿಸಿದರೆ ಹತ್ತಿರದ ಸರ್ಕಾರಿ ಅಥವಾ ಅನುದಾನಿತ ಹೈಸ್ಕೂಲ್ ನೋಡಿಕೊಂಡು ಬನ್ನಿ. ಅಲ್ಲಿ ಒಂಬತ್ತಕ್ಕೂ ಟಿಸಿ ತಂದರೆ ಸೇರಿಸಿಕೊಳ್ಳುತ್ತಾರೆ. ಮಗುವಿಗೂ ಮುಂಚೆಯೇ ಹೇಳಿ. ರಜೆ ಮುಗಿದ ಮೇಲೆ ಒಂದೇ ದಿನದಲ್ಲಿ ಸ್ಕೂಲ್ ಬದಲಾಯಿತು ಅಂತ ಆಗಬಾರದು.

ಕೊನೆಗೆ ಹೆಸರು ಮತ್ತು ಹುಟ್ಟಿದ ದಿನಾಂಕ. ದಾಖಲಾತಿ ರಿಜಿಸ್ಟರ್‌ನಲ್ಲಿ, ಸ್ಯಾಟ್ಸ್‌ನಲ್ಲಿ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ), ಆಧಾರ್‌ನಲ್ಲಿ, ಜನನ ಪ್ರಮಾಣಪತ್ರದಲ್ಲಿ ಒಂದೇ ಥರ ಇದೆಯಾ ನೋಡಿ. ಇನಿಷಿಯಲ್ ಮುಂದಿದೆಯಾ ಹಿಂದಿದೆಯಾ, ಅಪ್ಪನ ಹೆಸರಿನ ಸ್ಪೆಲ್ಲಿಂಗ್ ಏನು, ಎಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಚ್ಚಾದದ್ದೇ ಮುಂದೆ ಪಾಸ್‌ಪೋರ್ಟ್ ತನಕ ನಡೆಯುತ್ತದೆ, ಅಚ್ಚಾದ ಮೇಲೆ ತಿದ್ದಿಸುವುದು ವರ್ಷಗಟ್ಟಲೆ ಓಡಾಟ. ಈಗಾದರೆ ಮುಖ್ಯ ಶಿಕ್ಷಕರಿಗೆ ಒಂದು ಅರ್ಜಿ, ಜೊತೆಗೆ ದಾಖಲೆಗಳ ನಕಲು. ಮುಂದಿನ ಪೋಷಕರ ಸಭೆಗೆ ಬರುವಾಗ ಮಗುವಿನ ನೋಟ್‌ಬುಕ್ ಜೊತೆಗೆ ಅದನ್ನೂ ತನ್ನಿ.