ಎನರ್ಜಿ ಡ್ರಿಂಕ್‌ನಲ್ಲೂ ಇರೋದು ಕಾಫಿಯ ಕೆಫೀನೇ ಅಲ್ವಾ?

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿ. ರಾತ್ರಿ ಓದುವಾಗ ನಿದ್ದೆ ಬರಬಾರದು ಅಂತ ಅಂಗಡಿಯಿಂದ ಎನರ್ಜಿ ಡ್ರಿಂಕ್ ತಂದು ಕುಡಿಯುತ್ತಾನೆ. ಬೇಡ ಕಣೋ ಅಂದರೆ, “ಅಮ್ಮ, ನೀನು ದಿನಾ ಕಾಫಿ ಕುಡಿಯಲ್ವಾ? ಇದರಲ್ಲೂ ಅದೇ ಕೆಫೀನ್ ಇರೋದು” ಅನ್ನುತ್ತಾನೆ. ಇದು ನಿಜವೇ?

ಉತ್ತರ: ಕೆಫೀನ್ ವಿಷಯದಲ್ಲಿ ಅವನ ಮಾತು ನಿಜ. ಆದರೂ ಅವನಿಗೆ ಅದು ಬೇಡ ಅಂತಲೇ ನಾನು ಹೇಳುತ್ತೇನೆ.

ಮೊದಲು ಲೆಕ್ಕ ನೋಡೋಣ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮದಂತೆ ಇಂಥ ಪಾನೀಯದಲ್ಲಿ ಲೀಟರಿಗೆ 145ರಿಂದ 300 ಮಿಲಿಗ್ರಾಂ ಕೆಫೀನ್ ಇರಬಹುದು. ಅಂದರೆ 250 ಮಿ.ಲೀ. ಬಾಟಲಿಯಲ್ಲಿ ಹೆಚ್ಚೆಂದರೆ 75 ಮಿಲಿಗ್ರಾಂ. ಗಟ್ಟಿ ಡಿಕಾಕ್ಷನ್ನಿನ ಒಂದು ಲೋಟ ಕಾಫಿಯಲ್ಲೂ ಹೆಚ್ಚುಕಡಿಮೆ ಇಷ್ಟೇ ಇರಬಹುದು. ಚಿಕೋರಿ ಬೆರೆತಿದ್ದರೆ ಇನ್ನೂ ಕಡಿಮೆ, ಯಾಕೆಂದರೆ ಚಿಕೋರಿಯಲ್ಲಿ ಕೆಫೀನ್ ಇಲ್ಲ.

ಆದರೆ ನಿಮಗೆ ತಡೆಯುವಷ್ಟು ಅವನಿಗೆ ತಡೆಯುವುದಿಲ್ಲ. ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ತೊಂದರೆಯಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿತು. ಮಕ್ಕಳಿಗೆ ಮತ್ತು ಹದಿಹರೆಯದವರಿಗೆ ಅದು ಸೂಚಿಸಿದ್ದು ಮೈತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ. ನಿಮ್ಮ ಮಗ 45 ಕಿಲೋ ಇದ್ದರೆ 135 ಮಿಲಿಗ್ರಾಂ ಆಯಿತು. 75 ಮಿಲಿಗ್ರಾಂ ಇರುವ ಎರಡು ಬಾಟಲಿಗೆ ಅದನ್ನು ದಾಟಿಬಿಡುತ್ತಾನೆ, ಸಂಜೆಯ ಟೀ ಬೇರೆ. ಮನೆಯಲ್ಲಿ 25 ಕಿಲೋ ತೂಕದ ತಂಗಿ ಇದ್ದು, ಅಣ್ಣನ ಹಾಗೆ ತಾನೂ ಅಂಥ ಒಂದು ಬಾಟಲಿ ಕುಡಿದರೆ ಅಲ್ಲಿಗೇ ಅವಳ ಮಿತಿ ಮುಗಿಯಿತು. ಅಮೆರಿಕದ ಮಕ್ಕಳ ವೈದ್ಯರ ಸಂಘವಂತೂ ಮಕ್ಕಳಿಗೂ ಹದಿಹರೆಯದವರಿಗೂ ಎನರ್ಜಿ ಡ್ರಿಂಕ್ ಬೇಡವೇ ಬೇಡ ಎಂದು 2011ರಲ್ಲೇ ಹೇಳಿದೆ.

ಬಾಟಲಿಯ ಮೇಲೂ ಇದನ್ನು ಬರೆದಿರುತ್ತಾರೆ. ಮಕ್ಕಳು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಕೆಫೀನ್ ಒಗ್ಗದವರು ಕುಡಿಯಬಾರದು. ದಿನಕ್ಕೆ 500 ಮಿ.ಲೀ. ಮೀರಬಾರದು. ಆದರೆ ಸಾಮಾನ್ಯವಾಗಿ ಅದು ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ನಮ್ಮೂರಿನ ಗೂಡಂಗಡಿಯಲ್ಲಿ ಮಾರುವ ಬಾಟಲಿಯ ಮೇಲೆ ಈ ಮಾತು ಕನ್ನಡದಲ್ಲಿ, ದೊಡ್ಡದಾಗಿ ಇರಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಕುಡಿಯುವ ರೀತಿಯೂ ಬೇರೆ. ಬಿಸಿ ಕಾಫಿಯನ್ನು ಊದಿಕೊಂಡು ನಿಧಾನವಾಗಿ ಕುಡಿಯುತ್ತೇವೆ. ತಣ್ಣಗಿರುವ ಸಿಹಿ ಬಾಟಲಿ ಬಾಯಾರಿದವನ ಕೈಲಿ ಅರೆಕ್ಷಣಕ್ಕೆ ಖಾಲಿ. ಸಕ್ಕರೆಯೂ ಕಡಿಮೆಯೇನಿಲ್ಲ. 100 ಮಿ.ಲೀ.ಗೆ 11 ಗ್ರಾಂ ಇದ್ದರೆ 250 ಮಿ.ಲೀ.ಗೆ 27 ಗ್ರಾಂ ದಾಟುತ್ತದೆ, ಹತ್ತಿರ ಹತ್ತಿರ ಏಳು ಟೀ ಚಮಚ. ಟಾರಿನ್, ಬಿ ವಿಟಮಿನ್ ಎಂದೆಲ್ಲ ಬರೆದಿರುವುದಕ್ಕೆ ಮರುಳಾಗಬೇಡಿ. ಟಾರಿನ್ ನಮ್ಮ ಮೈಯಲ್ಲೇ ತಯಾರಾಗುತ್ತದೆ.

ನನಗೆ ಜಾಸ್ತಿ ಚಿಂತೆ ಇರುವುದು ನಿದ್ದೆಯದ್ದು. ನಾವು ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ನಿದ್ದೆ ಒತ್ತಿಕೊಂಡು ಬರುವುದು ಅದರಿಂದ. ಕೆಫೀನ್ ಹೋಗಿ ಅಡೆನೊಸಿನ್ ಕೂರುವ ಜಾಗದಲ್ಲಿ ತಾನು ಕೂತುಬಿಡುತ್ತದೆ. ದಣಿವು ಹೋಗಿರುವುದಿಲ್ಲ, ಗೊತ್ತಾಗುವುದಿಲ್ಲ ಅಷ್ಟೇ. ದೊಡ್ಡವರ ಮೈಯಲ್ಲೂ ಅರ್ಧ ಕೆಫೀನ್ ಕರಗಲು ಸುಮಾರು ಐದು ಗಂಟೆ ಬೇಕು. ರಾತ್ರಿ ಹತ್ತಕ್ಕೆ ಕುಡಿದದ್ದರಲ್ಲಿ ಅರ್ಧ ಭಾಗ ಬೆಳಗಿನ ಜಾವ ಮೂರಕ್ಕೂ ಒಳಗೇ ಇರುತ್ತದೆ. ಓದಿದ್ದು ತಲೆಯಲ್ಲಿ ನೆಲೆ ನಿಲ್ಲುವುದಕ್ಕೆ ನಿದ್ದೆ ಬೇಕು. ನಿದ್ದೆಗೆಟ್ಟು ಓದಿ, ಮಾರನೇ ದಿನ ತೂಕಡಿಸುತ್ತಾ, ಮತ್ತೆ ಬಾಟಲಿ ಹಿಡಿಯುವುದರಿಂದ ಅವನಿಗೇ ನಷ್ಟ. ಮಗನ ಹತ್ತಿರ ಬೈಯದೆ ಈ ಮಾತನ್ನೇ ಹೇಳಿ ನೋಡಿ. ಹತ್ತೂವರೆಗೆ ಮಲಗಿ ಐದಕ್ಕೆ ಎದ್ದರೆ ಆರೂವರೆ ಗಂಟೆಯಾದರೂ ನಿದ್ದೆ ಸಿಗುತ್ತದೆ.

ದಿನಾ ಕುಡಿದು ಅಭ್ಯಾಸ ಆಗಿದ್ದರೆ ನಿಲ್ಲಿಸಿದಾಗ ಕೆಲವು ದಿನ ತಲೆನೋವು, ಸಿಡುಕು ಬರಬಹುದು. ಸ್ವಲ್ಪ ಸ್ವಲ್ಪ ಕಡಿಮೆ ಮಾಡಿದರೆ ಸುಲಭ. ಬಿಸಿಲಲ್ಲಿ ಆಡಿ ಬಂದಾಗ ನೀರು, ಮಜ್ಜಿಗೆ ಕೊಡಿ. ವಾಂತಿ ಭೇದಿ ಆದಾಗ ಓಆರ್‌ಎಸ್ ಬದಲು ಎನರ್ಜಿ ಡ್ರಿಂಕ್ ಕೊಡಲೇಬೇಡಿ.

ಮನೆಯಲ್ಲಿ ಯಾರಿಗಾದರೂ ಹೃದಯ ಬಡಿತದ ಏರುಪೇರು ಇದ್ದರೆ, ಅಥವಾ ಚಿಕ್ಕ ವಯಸ್ಸಿನಲ್ಲೇ ಯಾರಾದರೂ ಹಠಾತ್ತಾಗಿ ತೀರಿಕೊಂಡಿದ್ದರೆ ವೈದ್ಯರಿಗೆ ಅದನ್ನು ಹೇಳಿ, ಅಲ್ಲಿಯವರೆಗೆ ಮಗ ಒಂದು ಗುಟುಕೂ ಕುಡಿಯುವುದು ಬೇಡ. ಕುಡಿದ ಮೇಲೆ ಎದೆ ನೋವು, ಮೂರ್ಛೆ, ನಿಲ್ಲದ ಎದೆಬಡಿತ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಏನು ಕುಡಿದ, ಎಷ್ಟು ಕುಡಿದ ಎಂದು ವೈದ್ಯರಿಗೆ ತಿಳಿಯಲು ಖಾಲಿ ಬಾಟಲಿಯನ್ನೂ ಜೊತೆಗೆ ಒಯ್ಯಿರಿ.